ಅನ್ನ ಬಿಟ್ಟಾಕಿ

ಬೆಳ್ಳುಳ್ಳಿ ಒಗ್ಗರಣೆ, ಬಾಜು ಮನೆಯಲ್ಲಿ ಪುಂಡಿಪಲ್ಯ ಇರಬೇಕು, ಬಾಯಲ್ಲಿ ನೀರು ಬಂತು, ನುಂಗು ನೀಲಕ್ಕ, ಗಂಟಲು ಅಲುಗದಂತೆ ನುಂಗು, ಎದುರಿಗೆ ಜನ ಕೂತಿದ್ದಾರೆ, ಗುಡಗೇರಿಯಲ್ಲಿ ಅನ್ನ ಬಿಟ್ಟು ಬದುಕಿರುವ ಶರಣೆಯನ್ನು ನೋಡಲು ಬಂದವರು — ನನ್ನನ್ನು, ಹಿಂದಿನ ಕೋಣೆಯಲ್ಲಿ ದಿನಾ ಕದ್ದು ರೊಟ್ಟಿ ತಿನ್ನುವವಳನ್ನು. ಮೊದಲು ಸುಳ್ಳಿರಲಿಲ್ಲ, ಜ್ವರ ಬಂದಾಗ ನಿಜವಾಗಿ ಏನೂ ಸೇರುತ್ತಿರಲಿಲ್ಲ, ತಮ್ಮ ಈರಬಸಪ್ಪ ಸಂತೆಯಲ್ಲಿ ಹೇಳಿಕೊಂಡು ಬಂದ, ನಮ್ಮಕ್ಕ ಬರೇ ಲಿಂಗದ ಮ್ಯಾಲ ಜೀವ ಹಿಡದಾಳ, ಜನ ಬಂದರು, ಕಾಲಿಗೆ ಬಿದ್ದರು, ಗಂಡ ಬಿಟ್ಟವಳೆಂದು ಅರಿಶಿನ ಕುಂಕುಮಕ್ಕೂ ಕರೆಯದಿದ್ದವರೇ ಬಿದ್ದರು, ನನಗೂ ಹಿತವಾಯಿತು, ಬಹಳ ಹಿತವಾಯಿತು, ಜ್ವರ ಬಿಟ್ಟು ಹಸಿವು ಬಂದಾಗ ಹೇಳುವ ಧೈರ್ಯ ಬರಲಿಲ್ಲ. ಈಗ ತಮ್ಮನ ಹೆಂಡತಿ ರೇವವ್ವ ಸಗಣಿ ಕುಳ್ಳಿನ ಬುಟ್ಟಿಯ ತಳದಲ್ಲಿ ರೊಟ್ಟಿ ಮುಚ್ಚಿ ತರುತ್ತಾಳೆ, ಲಗೂನ ಉಣ್ರಿ ಅಕ್ಕಾರ. ಉಣ್ಣುವ ಮೊದಲು ತುತ್ತನ್ನು ಲಿಂಗಕ್ಕೆ ತೋರಿಸಬೇಕು, ಅವ್ವ ಕಲಿಸಿದ್ದು, ನಾನು ಕೊರಳ ಲಿಂಗವನ್ನು ಬೆನ್ನ ಹಿಂದಕ್ಕೆ ಸರಿಸಿ, ಗೋಡೆಗೆ ಮುಖ ಮಾಡಿ ತಿನ್ನುತ್ತೇನೆ, ಛೀ, ದೇವರಿಗೂ ಕಾಣದಂತೆ.

ಮುಂದೆ ಬಂದವಳು ಕೈಮುಗಿದಳು, ತಾಯವ್ವ ಅಂತಾರ್ರಿ ನನಗ, ಸಂಶಿಯಿಂದ ಬಂದೇನ್ರಿ, ಈಕಿ ನನ್ನ ಮಗಳು, ಹ್ವಾದ ಸೋಮವಾರ ನಿಮ್ಮನ್ನ ನೋಡಿ ಹ್ವಾದಾಗಿಂದ ಬರೇ ನೀರಿನ ಮ್ಯಾಲ ಅದಾಳ್ರಿ, ನಾನೂ ನೀಲಕ್ಕನಂಗ ಆಗ್ತೇನಿ ಅಂತಾಳ, ಯಾರ ಮಾತೂ ಕೇಳವಲ್ಲಳ್ರಿ, ನೀವು ಒಂದು ಮಾತು ಹೇಳ್ರಿ ಯವ್ವಾ. ಉಣ್ಣವಾ ತಂಗಿ, ಅಂದೆ, ನನ್ನ ದನಿ ನನಗೇ ಅಸಹ್ಯವಾಯಿತು. ಒಡೆದ ತುಟಿಯ ಹುಡುಗಿ ತಲೆ ಅಲ್ಲಾಡಿಸಿದಳು, ನೀವು ಉಣ್ಣೂದಿಲ್ಲಲ್ರಿ, ನಾ ಯಾಕ ಉಣ್ಣಲಿ. ತಾಯಿಯ ಗಂಟು ಬಿಚ್ಚಿ ರೊಟ್ಟಿ ಮುರಿದಳು, ನೀವು ಒಂದು ತುತ್ತು ಉಣ್ರಿ, ಹಂಗಾದ್ರ ನಾನೂ ಉಣ್ತೇನಿ. ಕೈ ನನ್ನ ಬಾಯಿಯ ತನಕ ಬಂತು, ಸಣ್ಣ ಕೈ, ಬಳೆ ಮೊಣಕೈಗೆ ಜಾರಿ ಬಿದ್ದಿತ್ತು. ಬಾಯಿ ತೆರೆದಿದ್ದರೆ ಮುಗಿಯುತ್ತಿತ್ತು. ಬಾಗಿಲಲ್ಲಿ ಈರಬಸಪ್ಪ ಕೆಮ್ಮಿದ, ಜನ ಕತ್ತು ಚಾಚಿ ನೋಡಿದರು, ನಾಳೆ ಇವರೇ ಮುಖಕ್ಕೆ ಉಗುಳುತ್ತಾರೆ ಅನಿಸಿತು, ನಾನು ವಿಭೂತಿ ತೆಗೆದು ಹುಡುಗಿಯ ಹಣೆಗೆ ಹಚ್ಚಿದೆ. ಅವಳು ಗೆದ್ದವಳಂತೆ ನಕ್ಕಳು, ನೋಡಬೇ ಯವ್ವಾ, ಅವರೂ ಒಲ್ಲೆ ಅಂದ್ರು. ತಾಯವ್ವ ಅವಳನ್ನು ಎತ್ತಿಕೊಂಡು ಹೊರಟಳು.

ಈಗ ಹಿಂದಿನ ಕೋಣೆ, ರೇವವ್ವ, ಬುಟ್ಟಿ, ಲಗೂನ ಉಣ್ರಿ ಅಕ್ಕಾರ, ಸಂಶಿ ಬಸ್ಸು ಇನ್ನೂ ಹೋಗಿರಲಿಕ್ಕಿಲ್ಲ, ಓಡಿದರೆ ಸಿಗುತ್ತಾರೆ, ಓಡು, ನಾನು ತಿನ್ನುತ್ತೇನೆ ಮಗಳೇ, ದಿನಾ ತಿನ್ನುತ್ತೇನೆ, ಅಷ್ಟು ಹೇಳಿದರೆ ಸಾಕು, ಎದ್ದೇಳು — ಎದ್ದಿಲ್ಲ, ಹಸಿವಾಗಿದೆ, ನಾಚಿಕೆಗೆಟ್ಟ ಹಸಿವು, ರೊಟ್ಟಿ ಮುರಿದೆ, ಬಾಯಿಗೆ ಒಯ್ದೆ, ಅಲ್ಲಿ ಆಗಲೇ ಒಂದು ಕೈ ಇದೆ, ಬಸ್ಸಿನ ಹಾರ್ನು, ಅಗಿಯುತ್ತಿದ್ದೇನೆ, ಆ ಕೈ, ಬಳೆ ಮೊಣಕೈಗೆ ಜಾರಿದ ಕೈ, ತುತ್ತು ಹಿಡಿದ ಕೈ, ಆ ಕೈ