ತಿರುಗುಮುರುಗು ಉದಾಹರಣೆ

ಕಂಪ್ಯೂಟರನ್ನು ಒಳಗಿನಿಂದ ನಡೆಸುವ ತಿರುಳು ತಂತ್ರಾಂಶ, ಕರ್ನಲ್‌ಗೆ ಕಣ್ಣಿಲ್ಲ. ತಾನು ಓಡುತ್ತಿರುವ ಬೋರ್ಡಿನ ಮೇಲೆ ಯಾವ ಚಿಪ್ ಎಲ್ಲಿದೆ, ಯಾವ ತಂತಿ ಏನು ಮಾಡುತ್ತದೆ ಎಂದು ಯಾರಾದರೂ ಬರೆದುಕೊಟ್ಟರೇ ಅದಕ್ಕೆ ತಿಳಿಯುವುದು. ಹಾಗೆ ಬರೆಯುವುದಕ್ಕೆ ಒಂದೊಂದು ಚಿಪ್‌ಗೂ ಒಂದೊಂದು ನಮೂನೆ. ನಮೂನೆಯ ಕೊನೆಗೆ ಒಂದು ಉದಾಹರಣೆ. ಮೇಲಿನ ನಿಯಮಗಳನ್ನು ಓದುವವರು ಕಡಿಮೆ. ಉದಾಹರಣೆಯನ್ನು ಎತ್ತಿ ಅಂಟಿಸಿಕೊಳ್ಳುವವರೇ ಎಲ್ಲ. ವಾಸಾ ಪಟ್ಟಣದ ಸಿರ್ಕ್ಕುಗೆ ಇದು ಗೊತ್ತಿತ್ತು, ಅವಳೂ ಹಾಗೆಯೇ ಕಲಿತವಳು.

ಗಾಜಿನ ಮನೆಗಳಲ್ಲಿ ಬಿಸಿನೀರು ಹರಿಸುವ ಬೋರ್ಡುಗಳನ್ನು ಮಾಡುವ ಸಣ್ಣ ಕಾರ್ಖಾನೆ ಅವಳದು. ಅದರ ವಾಲ್ವಿನ ಚಿಪ್‌ಗೆ ನಮೂನೆ ಬರೆದು, ಕರ್ನಲ್ ಬರೆಯುವವರೆಲ್ಲ ನೋಡುವ ಮೇಲ್ ಪಟ್ಟಿಗೆ ಕಳಿಸಿದ್ದಳು. ಅವಳ ಕೈಯಿಂದ ಅಲ್ಲಿಗೆ ಹೋದ ಮೊದಲ ಬರಹ ಅದು. ತಂತಿಯಲ್ಲಿ ವಿದ್ಯುತ್ತು ಇಳಿದಾಗ ಆ ಚಿಪ್ ವಾಲ್ವನ್ನು ತೆರೆಯುತ್ತದೆ. ಉದಾಹರಣೆಯಲ್ಲೂ ಹಾಗೆಯೇ ಬರೆದಿದ್ದಳು.

ತಾಂಪೆರೆಯಿಂದ ಪರಿಶೀಲಕ ಔಲಿಸ್‌ನ ಉತ್ತರ ಬಂತು. ಅವನು ಮಾತನ್ನು ಉಪ್ಪಿನ ಹಾಗೆ ಬಳಸುವವನು. ಇಂಥ ಬೇರೆಲ್ಲ ಉದಾಹರಣೆಗಳಲ್ಲಿ ಏರಿದಾಗ ತೆರೆಯುತ್ತದೆ ಎಂದೇ ಇದೆ, ಅದರಂತೆ ಬದಲಾಯಿಸಿ, ಎಂದಷ್ಟೇ ಬರೆದಿದ್ದ.

ನನ್ನ ಬೋರ್ಡಿನಲ್ಲಿ ಹಾಗಿಲ್ಲ ಎಂದು ಸಿರ್ಕ್ಕು ಅರ್ಧ ಬರೆದಳು, ಅಳಿಸಿದಳು. ಹೊಸ ಬರಹಗಳನ್ನು ಕರ್ನಲ್ ಒಳಗೆ ಸೇರಿಸಿಕೊಳ್ಳುವ ಈ ಸುತ್ತಿನ ಬಾಗಿಲು ಮುಚ್ಚುವ ಹೊತ್ತು. ಅವನ ಒಪ್ಪಿಗೆಯ ಸಾಲು ಸಿಗದಿದ್ದರೆ ಕೆಲಸ ಮುಂದಿನ ಸುತ್ತಿಗೆ ಹೋಗುತ್ತದೆ. ಅಷ್ಟು ದೊಡ್ಡವನಿಗೆ ಎದುರು ಬರೆಯುವುದೆಂದರೆ ಹೇಗೆ? ಸರಿಪಡಿಸಿದ್ದೇನೆ, ಧನ್ಯವಾದ ಎಂದು ಬರೆದು ಉದಾಹರಣೆಯನ್ನು ತಿರುಗಿಸಿದಳು. ಕರ್ನಲ್ ಒಳಗೆ ಆ ಚಿಪ್ಪನ್ನು ನಡೆಸುವ ತನ್ನ ಡ್ರೈವರಿನಲ್ಲಿ ಅದನ್ನೇ ಇನ್ನೊಮ್ಮೆ ತಿರುಗಿಸಿದಳು. ಸುಳ್ಳಿಗೆ ಸುಳ್ಳು ಸರಿಹೋಯಿತು, ವಾಲ್ವು ನೆಟ್ಟಗೆ ನಡೆಯಿತು. ಉಪ್ಪಿನ ಡಬ್ಬಕ್ಕೆ ಸಕ್ಕರೆ ಎಂದು ಚೀಟಿ ಅಂಟಿಸಿ, ಮನೆಯವರಿಗೆಲ್ಲ ಅದು ಉಪ್ಪು ಎಂದು ಹೇಳಿಟ್ಟ ಹಾಗೆ. ಹೊಸಬರು ಒಲೆಯ ಮುಂದೆ ನಿಲ್ಲುವವರೆಗೆ ಏನೂ ತೊಂದರೆಯಿಲ್ಲ.

ಮರುವರ್ಷ ಮೇ ತಿಂಗಳಲ್ಲಿ ನಾರ್ಪೆಸ್‌ನಿಂದ ಬೊರ್ಯೆ ಫೋನ್ ಮಾಡಿದ. ಮೊದಲಿನಿಂದಲೂ ಅವಳ ಬೋರ್ಡುಗಳನ್ನೇ ಕೊಳ್ಳುತ್ತಿದ್ದ ಟೊಮೇಟೊ ಬೆಳೆಗಾರ. ಬೋರ್ಡಿಗೆ ಕರ್ನಲ್ ಬದಲು ಹೊಸದಾಗಿ ಬೇರೊಂದು ಚಿಕ್ಕ ವ್ಯವಸ್ಥೆ ಹಾಕಿಸಿಕೊಂಡಿದ್ದನಂತೆ. ಅವಳ ಡ್ರೈವರಿನ ಎರಡನೆಯ ತಿರುವು ಅದರಲ್ಲಿರಲಿಲ್ಲ. ಉದಾಹರಣೆಯಿಂದ ಎತ್ತಿಕೊಂಡ ಅದೇ ವಿವರಣೆಯನ್ನು ಓದಿ, ಬರೆದದ್ದನ್ನೇ ನಂಬಿತ್ತು. ಬಿಸಿಲೇರಿದ ದಿನ ವಾಲ್ವು ಮುಚ್ಚು ಎಂದಾಗಲೆಲ್ಲ ತೆರೆದುಕೊಂಡಿತ್ತು. ಅವನು ತಂಗಿಯ ಮನೆಗೆ ಹೋಗಿ ಬರುವಷ್ಟರಲ್ಲಿ ಸಸಿಗಳೆಲ್ಲ ಬೇಯಿಸಿದ ಸೊಪ್ಪಾಗಿದ್ದವು.

ಅವನು ಬೈಯಲಿಲ್ಲ. "ನಾನೇ ಎಲ್ಲೋ ತಪ್ಪು ಜೋಡಿಸಿರ್ಬೇಕು. ವಯಸ್ಸಾಯ್ತಲ್ಲ. ಇನ್ನು ಇದೆಲ್ಲ ಅಳಿಯನಿಗೆ ಬಿಟ್ಟುಬಿಡೋದೇ ಒಳ್ಳೇದು ಅಂತ ಅನ್ನಿಸ್ತಿದೆ. ನೀನು ಒಂದ್ಸಲ ನೋಡಿ ಹೇಳು," ಎಂದ.

ಅವನದು ತಪ್ಪಲ್ಲ ಎಂದು ಸಿರ್ಕ್ಕುಗೆ ಆ ಕ್ಷಣವೇ ಗೊತ್ತಾಗಿತ್ತು. ನಾಲಿಗೆಯ ತುದಿಗೂ ಬಂದಿತ್ತು. ಆದರೆ ನೋಡಿ ಹೇಳುತ್ತೇನೆ ಎಂದಷ್ಟೇ ಹೇಳಿದಳು.

ನೇರ ಔಲಿಸ್‌ಗೆ ಫೋನ್ ಮಾಡಿದಳು. ಅವನು ಕೆರೆಯ ಪಕ್ಕದ ಗುಡಿಸಲಲ್ಲಿ ಉಗಿಸ್ನಾನದ ಸೌನಾಕ್ಕೆ ಸೌದೆ ಒಡೆಯುತ್ತಿದ್ದ.

"ನಾನು ಮೊದಲು ಬರೆದಿದ್ದು ಸರಿಯಿತ್ತು. ಬದಲಾಯಿಸಿ ಅಂದಿದ್ದು ನೀವು."

"ಅಂದಿರ್ತೀನಿ. ದಿನಾ ಎಷ್ಟೋ ಜನಕ್ಕೆ ಅಂತೀನಿ. ಅರ್ಧ ಜನ ಜಗಳಕ್ಕೇ ಬರ್ತಾರೆ. ಡೆನ್ಮಾರ್ಕಿನವನೊಬ್ಬ ನನ್ನ ಮುದಿಗೂಬೆ ಅಂದ. ಅವನು ಹೇಳಿದ್ದೇ ಸರಿಯಿತ್ತು, ಒಪ್ಕೊಂಡೆ."

"ನಾನು ಹೊಸಬಳು, ಔಲಿಸ್."

"ಬೋರ್ಡ್ ನಿನ್ನ ಮೇಜಿನ ಮೇಲಿತ್ತು ತಾಯಿ, ನನ್ನ ಮೇಜಿನ ಮೇಲಲ್ಲ. ಹಾಗಲ್ಲ ಅಂತ ಒಂದು ಸಾಲು ಹಾಕಿದ್ರೆ ಆಗ್ತಿತ್ತು." ಕೊಡಲಿಯ ಸದ್ದು ನಿಂತಿತು. "ನಾನೂ ಕೇಳ್ಬೇಕಿತ್ತು. ಕೇಳ್ಲಿಲ್ಲ."

ಸಿರ್ಕ್ಕು ಫೋನ್ ಇಟ್ಟು ತನ್ನ ಹಳೆಯ ಬರಹವನ್ನು ತೆರೆದಳು.

ಒಮ್ಮೆ ಕರ್ನಲ್ ಒಳಗೆ ಸೇರಿದ ವಿವರಣೆಯನ್ನು ತಿದ್ದುವ ಹಾಗಿಲ್ಲ. ಅದನ್ನು ನಂಬಿದ ಬೋರ್ಡುಗಳು ಊರೂರಿನ ಗಾಜಿನ ಮನೆಗಳಲ್ಲಿ ಕೂತಿರುತ್ತವೆ. ಒಂದನ್ನು ನೆಟ್ಟಗೆ ಮಾಡಲು ಹೋದರೆ ನೂರು ಕೆಡುತ್ತವೆ. ಇಲ್ಲಿ ಬರೆದಿರುವುದು ಚಿಪ್ ಮಾಡುವುದಕ್ಕೆ ವಿರುದ್ಧ ಎಂದು ನಮೂನೆಯಲ್ಲಿ ಎಚ್ಚರಿಕೆ ಸೇರಿಸಬಹುದು, ಇನ್ನು ಮುಂದಿನ ಬೋರ್ಡುಗಳಿಗೆ ಬೇರೆ ಹೆಸರಿಟ್ಟು ಸರಿಯಾದ ಉದಾಹರಣೆ ಕೊಡಬಹುದು, ಅಷ್ಟೇ. ಸಿರ್ಕ್ಕು ಅದನ್ನೇ ಬರೆದಳು. ಪಟ್ಟಿಯಲ್ಲಿ ಅದರ ಮೇಲೂ ವಾದ ನಡೆಯಿತು. ಈ ಸಲ ಅವಳು ಬಿಟ್ಟುಕೊಡಲಿಲ್ಲ. ಒಪ್ಪಿಗೆ ಬರುವ ಹೊತ್ತಿಗೆ ಜೂನ್ ಕಳೆದಿತ್ತು. ಎಲ್ಲ ಮುಗಿಸಿಕೊಂಡೇ ಬೊರ್ಯೆಗೆ ಮುಖ ತೋರಿಸಬೇಕೆಂದು ಅಲ್ಲಿಯವರೆಗೂ ಅವನಿಗೆ ಫೋನ್ ಮಾಡಿರಲಿಲ್ಲ.

ನಾರ್ಪೆಸ್‌ಗೆ ಹೋದಾಗ ಗಾಜಿನ ಮನೆಯಲ್ಲಿ ಅಳಿಯ ಇದ್ದ. ಬೊರ್ಯೆ ಮನೆಯ ಹಿಂದೆ ಆಲೂಗಡ್ಡೆ ಸಾಲಿನ ಕಳೆ ಕೀಳುತ್ತಿದ್ದ. ಕೈ ತೊಳೆದು ಬಂದು ಕಾಫಿ ಬಗ್ಗಿಸಿದ. ಬೀಗದ ಕೈಯೆಲ್ಲ ಅಳಿಯನಿಗೆ ಕೊಟ್ಟಾಯಿತು, ಈಗ ಮೈ ಹಗುರ ಎಂದ. ಹೇಳುವಾಗ ಕಿಟಕಿಯಾಚೆ ಗಾಜಿನ ಮನೆಯ ಕಡೆಗೇ ನೋಡುತ್ತಿದ್ದ.

ಸಿರ್ಕ್ಕು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ತಪ್ಪು ಅವನ ಕೈಯದಲ್ಲ, ತನ್ನ ಬರಹದ್ದು. ಅವನು ಜೋಡಿಸಿದ್ದರಲ್ಲಿ ಒಂದು ತಂತಿಯೂ ಅದಲುಬದಲಾಗಿರಲಿಲ್ಲ.

ಬೊರ್ಯೆ ಕಾಫಿಯೊಳಗಿನ ಚಮಚ ತೆಗೆದು ಪಕ್ಕಕ್ಕಿಟ್ಟ. "ಯಾವಾಗ ಗೊತ್ತಾಯ್ತು ನಿನಗೆ?"

"ನೀವು ಫೋನ್ ಮಾಡಿದ ದಿನಾನೇ."

"ಓ," ಎಂದ. "ಆಗಲೇ ಹೇಳಿದ್ರೆ ಚೆನ್ನಾಗಿತ್ತು."

ಗಾಜಿನ ಮನೆಯನ್ನು ವಾಪಸು ಕೊಡು ಎಂದು ಅಳಿಯನನ್ನು ಕೇಳಬಹುದಲ್ಲ ಎಂದಳು. ಬೊರ್ಯೆ ಇಲ್ಲವೆಂದು ತಲೆಯಾಡಿಸಿದ. ಅಳಿಯ ಆಗಲೇ ಟೊಮೇಟೊ ಕಿತ್ತುಹಾಕಿ ಸೌತೆ ಬಳ್ಳಿ ಹಬ್ಬಿಸಿದ್ದಾನೆ, ಮಗಳೂ ಇಲ್ಲೇ ಮನೆ ಕಟ್ಟಿಸುತ್ತಿದ್ದಾಳೆ. ಕೊಟ್ಟದ್ದನ್ನು ಯಾವ ಬಾಯಲ್ಲಿ ವಾಪಸು ಕೇಳುವುದು?

ಏಲಕ್ಕಿ ಬನ್ನಿನ ತಟ್ಟೆಯನ್ನು ಅವಳತ್ತ ಸರಿಸಿದ. ಬೇಡ ಎನ್ನಲು ಅವಳಿಗೆ ಬಾಯಿ ಬರಲಿಲ್ಲ, ಒಂದು ತೆಗೆದುಕೊಂಡಳು.