ಕರಿಮರದ ಗುಂಡು

ಆ ಬೆಳಿಗ್ಗೆ ಗಾಳಿ ಇರಲಿಲ್ಲ. ಗಿರಣಿಯ ಚಿಮಣಿಗಳಿಂದ ಎದ್ದ ಹೊಗೆ ಮೇಲೆ ಹೋಗಲಾರದೆ ಪುಷ್ಯಮಾಸದ ಮಂಜಿನಲ್ಲಿ ಬೆರೆತು, ಆಂಟಾಪ್ ಹಿಲ್‌ನ ಚಾಳಿನ ಗ್ಯಾಲರಿಯವರೆಗೂ ಇಳಿದಿತ್ತು. ಒಳಗೆ, ಗೋಡೆಗೆ ಒರಗಿಸಿ ಕೂರಿಸಿದ್ದ ಗಂಡನ ಕೊರಳಿನಿಂದ ರಾಚವ್ವ ಇಷ್ಟಲಿಂಗದ ಬೆಳ್ಳಿಯ ಕರಡಿಗೆಯನ್ನು ಬಿಚ್ಚುತ್ತಿದ್ದಳು. ಶಿವದಾರದ ಗಂಟು ಬಿಗಿದಿತ್ತು. ಸಡಿಲಾಗಲು ಹೊತ್ತು ಹಿಡಿಯಿತು.

ಕಾಶಪ್ಪನಿಗೆ ಸ್ನಾನವಾಗಿತ್ತು, ವಿಭೂತಿ ಧರಿಸಿಯಾಗಿತ್ತು. ಇನ್ನು ಎಡ ಅಂಗೈಯಲ್ಲಿ ಅವನ ಇಷ್ಟಲಿಂಗವನ್ನಿಟ್ಟು ಬೆರಳು ಮಡಿಸಬೇಕು. ಎಂಟನೆಯ ವಯಸ್ಸಿನಲ್ಲಿ ಗುರು ಕಟ್ಟಿದ ಲಿಂಗ. ಐವತ್ತು ವರ್ಷ ಎದೆಯ ಮೇಲಿದ್ದದ್ದು ಅವನೊಡನೆಯೇ ಮಣ್ಣಿಗೆ ಹೋಗಬೇಕು.

ರಾಚವ್ವ ಕರಡಿಗೆ ತೆರೆದು ಒಳಗಿನ ಅರಿವೆ ಬಿಡಿಸಿದಳು. ಅವಳ ಕೈ ಅಲ್ಲೇ ನಿಂತಿತು.

"ಅಯ್ಯಾರ, ಇದೇನ ನೋಡ್ರಿ."

ಕ್ರಿಯೆ ಮಾಡಿಸಲು ಬಂದಿದ್ದ ಅಯ್ಯನವರು ಅದನ್ನು ಬೆಳಕಿಗೆ ಹಿಡಿದು ಉಗುರಿನಿಂದ ತಳವನ್ನು ಕೆರೆದರು. "ಕಟ್ಟಿಗಿ," ಎಂದರು.

ಲಿಂಗದ್ದೇ ಆಕಾರ, ಲಿಂಗದ್ದೇ ಕಪ್ಪು. ಅದರ ಮೇಲೆ ಮೂರು ಬೆರಳಿನ ವಿಭೂತಿಯ ಗೆರೆಗಳೂ ಇದ್ದವು.

"ದವಾಖಾನ್ಯಾಗ ಕದ್ದಾರ!" ರಾಚವ್ವನ ತಮ್ಮ ದಾನಪ್ಪ ಎದ್ದು ನಿಂತ.

"ಬೆಳ್ಳಿ ಬಿಟ್ಟು ದೇವರನ್ನ ಕದ್ದಾನಂದ್ರ, ಮುಂಬೈ ಕಳ್ಳಗೂ ಭಕ್ತಿ ಬಂತು ಅನ್ನು," ಎಂದಳು ಪಕ್ಕದ ಖೋಲಿಯ ರುದ್ರವ್ವ. ಯಾರೂ ನಗಲಿಲ್ಲ. ಅವಳೂ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಹನ್ನೆರಡಕ್ಕ ಎತ್ತಬೇಕವ್ವಾ," ಅಯ್ಯನವರು ಮೆಲ್ಲಗೆ ಹೇಳಿದರು. "ನನ್ನ ಹತ್ರ ಹೊಸಾ ಲಿಂಗ ಐತಿ. ಪೂಜಿ ಮಾಡಿ ಕೊಡತೀನಿ."

"ಬ್ಯಾಡ್ರಿ. ಗುರ್ತ ಇಲ್ಲದ್ದನ್ನ ಕೈಯಾಗಿಟ್ಟು ಎಲ್ಲಿಗೆ ಕಳಸ್ಲಿ ಅವರನ್ನ?"

ದಾನಪ್ಪ ಆಸ್ಪತ್ರೆಗೆಂದು ಚಪ್ಪಲಿ ಮೆಟ್ಟಿ ಧಡಧಡ ಇಳಿದ. ಕೆಳಗೆ ನಲ್ಲಿಯ ಬಳಿ ಬಿಳಿ ಸೀರೆಯ ಹೆಣ್ಣುಮಗಳೊಬ್ಬಳು ನಿಂತಿದ್ದಳು. ನೀರಿಗೆ ಬಂದವಳಲ್ಲ, ಕೈಚೀಲವನ್ನು ಎದೆಗವಚಿಕೊಂಡಿದ್ದಳು. ಅರ್ಧ ಗಂಟೆಯಿಂದ ಹಾಗೇ ನಿಂತಿದ್ದಾಳೆ ಎಂದು ನೀರು ಹಿಡಿಯುತ್ತಿದ್ದವರು ಹೇಳಿದರು. ದಾನಪ್ಪ ಗುರುತು ಹಿಡಿದ. ಆಸ್ಪತ್ರೆಯಲ್ಲಿ ಭಾವನ ಕೈಯನ್ನು ಪರೀಕ್ಷೆ ಮಾಡುತ್ತಿದ್ದ ವಿಮಲಾ.

*

ಕಾಶಪ್ಪ ಬೈಕುಲ್ಲಾದಲ್ಲಿ ಕಾಳು ದಾಸ್ತಾನಿಡುವ ವಖಾರಿಯಲ್ಲಿ ಮೂವತ್ತು ವರ್ಷ ದುಡಿದವನು. ಚೀಲಕ್ಕೆ ಚೂಪು ಕೊಳವೆ ಚುಚ್ಚಿ ತೆಗೆದ ಕಾಳನ್ನು ಅವನ ಎಡ ಅಂಗೈಗೆ ಸುರಿಯುತ್ತಿದ್ದರು. ಅವನು ಕಣ್ಣು ಮುಚ್ಚಿ, "ಇಂಡಿ ಜ್ವಾಳ, ತೇವ ಐತಿ, ಎಂಟು ದಿನ ಒಣಗಿಸ್ರಿ" ಎಂದರೆ ಅದು ಹಾಗೆಯೇ. ಸೇಠ್ ಅವನ ಮಾತಿನ ಮೇಲೆ ದರ ಕಟ್ಟುತ್ತಿದ್ದ.

ದೀಪಾವಳಿಯ ಹಿಂದಿನ ವಾರ ವಖಾರಿಯಲ್ಲೇ ಕುಸಿದ. ಮೆದುಳಿನ ಬಲಭಾಗಕ್ಕೆ ರಕ್ತ ಹರಿಯುವುದು ನಿಂತಿತ್ತು. ತಿಂಗಳೊಳಗೆ ನಡೆದಾಡಿದ, ಎಡಗೈಯೂ ಎದ್ದಿತು. ಮರಳಿ ಕೆಲಸಕ್ಕೆ ಹೋದ ಮೊದಲ ದಿನವೇ ತೊಗರಿಗೆ ಕಡಲೆ ಎಂದ. ಹಮಾಲರು ಚೇಷ್ಟೆಯೆಂದು ನಕ್ಕರು. ಎರಡನೆಯ ಸಲವೂ ಅವನು ಹಾಗೇ ಅಂದಾಗ ಸೇಠ್, "ಆರಾಮ್ ಕರೋ, ಕಾಶಪ್ಪ" ಎಂದು ಮನೆಗೆ ಕಳಿಸಿದ. ಕೈಯ ತಪಾಸಣೆಗೆಂದು ಕಾಶಪ್ಪ ಮತ್ತೆ ಆಸ್ಪತ್ರೆ ಸೇರಿದ.

ವಿಮಲಾ ಮೈಸೂರಿನವಳು, ಬಾಂದ್ರಾದ ಹಾಸ್ಟೆಲಿನಲ್ಲಿದ್ದಳು. ಮೆದುಳಿಗೆ ಏಟು ಬಿದ್ದವರಲ್ಲಿ, ಬುದ್ಧಿ ಕಲಕಿದವರಲ್ಲಿ ನೆನಪು, ಗುರುತು, ಲೆಕ್ಕ ಯಾವುದು ಹೋಗುತ್ತದೆ, ಯಾವುದು ಉಳಿಯುತ್ತದೆ ಎಂದು ನೋಡಿ ಬರೆಯುವುದು ಅವಳ ಕೆಲಸ. ಕಾಶಪ್ಪನ ಕಣ್ಣಿಗೆ ಬಟ್ಟೆ ಕಟ್ಟಿ, ಎಡಗೈಯಲ್ಲಿ ಒಂದೊಂದೇ ವಸ್ತು ಇಡುತ್ತಿದ್ದಳು. ಕೀಲಿಕೈ. ಗುಂಡಿ. ಹೊಸದಾಗಿ ಬಂದಿದ್ದ ನಯಾ ಪೈಸೆ.

"ತಣ್ಣಗೈತಿ ಬಾಯಾರ, ಗಟ್ಟಿ ಐತಿ. ಏನಂತ ಮಾತ್ರ ಕೈ ಹೇಳವಲ್ದು."

"ಪರವಾಗಿಲ್ಲ, ನಿಧಾನವಾಗಿ ಹೇಳಿ."

"ನಿಮ್ಮ ಕೀಲಿಕೈ ಯಾವ ಪ್ಯಾಟ್ಯಾಗ ಮಾರ್ತಾರ? ಒಂದ ಹಿಡಿ ಕಾಳ ತರ್ರಿ, ನೋಡೂಣು."

ಅವಳು ಕಾಳು ತಂದಳು. ಕಾಳೂ ಗೊತ್ತಾಗಲಿಲ್ಲ. ಆ ದಿನ ಅವನು ಮತ್ತೆ ತಮಾಷೆ ಮಾಡಲಿಲ್ಲ.

*

ಬಲಗೈಯ ಸರದಿಯನ್ನು ವಿಮಲಾ ಮೊದಲ ವಾರವೇ ಮುಗಿಸಿದ್ದಳು. ಅದರಲ್ಲಿ ಒಂದೂ ತಪ್ಪಿರಲಿಲ್ಲ. ಎಡಗೈ ಮಾತ್ರ ಹದಿನಾಲ್ಕು ವಸ್ತುಗಳಲ್ಲಿ ಒಂದನ್ನೂ ಗುರುತಿಸಿರಲಿಲ್ಲ.

ಒಂದು ಸಂಜೆ ಪೂಜೆಯ ಹೊತ್ತಾಯಿತೆಂದು ಕಾಶಪ್ಪ ಲಿಂಗ ತೆಗೆದ. ಅವಳು ಅವನ ಅನುಮತಿ ಕೇಳಿ, ಕಣ್ಣು ಕಟ್ಟಿ, ಅದನ್ನೇ ಅಂಗೈಯಲ್ಲಿಟ್ಟಳು.

"ಲಿಂಗಪ್ಪ," ಎಂದ ಕೂಡಲೇ. ಬೆನ್ನು ನೆಟ್ಟಗಾಯಿತು.

ಅವಳಿಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಎಲ್ಲವನ್ನೂ ಮರೆತ ಕೈ ಇದೊಂದನ್ನು ಹೇಗೆ ಅರಿಯಿತು? ಕೈಯೇ ಅರಿಯಿತೋ, ಅಥವಾ ಹೊತ್ತು, ಆಸನ, ರೂಢಿ ಹೇಳಿಕೊಟ್ಟಿತೋ? ತಿಳಿಯಲು ಒಂದೇ ದಾರಿ ಎಂದುಕೊಂಡಳು. ಬಡಗಿಯಿಂದ ಅದೇ ಅಳತೆಗೆ ಕರಿಮರದ ಗುಂಡು ಮಾಡಿಸಿ, ಒಳಗೆ ಸೀಸ ತುಂಬಿಸಿ, ಮೇಲೆ ಅರಗು ತೀಡಿಸಿದಳು. ಈ ಸಲ ಕಾಶಪ್ಪನನ್ನು ಕೇಳಲಿಲ್ಲ. ಕೇಳಿದರೆ ಪರೀಕ್ಷೆ ಕೆಡುತ್ತಿತ್ತು. ಪೂಜೆಯ ಹೊತ್ತಿಗೆ ಮತ್ತೆ ಕಣ್ಣು ಕಟ್ಟಿ, ಅವನ ಲಿಂಗವನ್ನು ತನ್ನ ಬಳಿ ಇಟ್ಟುಕೊಂಡಳು.

ಗುಂಡನ್ನಿಟ್ಟಳು.

"ಲಿಂಗಪ್ಪ," ಎಂದ ಕಾಶಪ್ಪ.

ಅವಳು ಬರೆದುಕೊಂಡಳು. ಅವನು ಕಣ್ಣಿನ ಬಟ್ಟೆ ಬಿಚ್ಚಲು ಹೇಳಲಿಲ್ಲ. ಹಾಗೇ ಬಲಗೈಯ ಮೂರು ಬೆರಳು ವಿಭೂತಿಗೆ ಅದ್ದಿ ಗುಂಡಿನ ಮೇಲೆ ಎಳೆಯತೊಡಗಿದ. ನಡುವೆ ಬೆರಳು ನಿಂತವು. ಒಂದು ಉಸಿರಿನಷ್ಟು ಹೊತ್ತು. ಮತ್ತೆ ಎಳೆದವು. ಅರಿವೆಯಲ್ಲಿ ಸುತ್ತಿ, ಕರಡಿಗೆಯಲ್ಲಿಟ್ಟು, ಕೊರಳಿಗೆ ಹಾಕಿಕೊಂಡ.

ಅಷ್ಟರಲ್ಲಿ ದೊಡ್ಡ ಡಾಕ್ಟರರಿಂದ ಕರೆ ಬಂತು. ನಾಳೆ ಕೊಡೋಣವೆಂದು ಅವಳು ಲಿಂಗವನ್ನು ಮೇಜಿನ ಖಾನೆಯಲ್ಲಿಟ್ಟಳು. ಬೆಳಗಾಗುವಷ್ಟರಲ್ಲಿ ಕಾಶಪ್ಪನಿಗೆ ಮತ್ತೊಂದು ಆಘಾತವಾಗಿ ಮಾತು, ಎಚ್ಚರ ಎರಡೂ ಹೋಗಿದ್ದವು.

*

ದಾನಪ್ಪನ ಹಿಂದೆ ಮೇಲೆ ಬಂದ ವಿಮಲಾ ಗ್ಯಾಲರಿಯಲ್ಲೇ ನಿಂತು ಎಲ್ಲವನ್ನೂ ರಾಚವ್ವನಿಗೆ ಹೇಳಿದಳು. ಕೈಚೀಲದಿಂದ ಬಿಳಿ ಕರವಸ್ತ್ರ ತೆಗೆದು ಬಿಡಿಸಿದಳು. ರಾಚವ್ವ ಲಿಂಗವನ್ನು ಮುಟ್ಟಲಿಲ್ಲ, ನೋಡಿದಳು.

"ಒಂಬತ್ತ ದಿನ ಮಂಚದ ಬಾಜೂಕ ಕುಂತಿದ್ದೆ. ದಿನಾ ನೀವು ಬಂದ ಹೋಗ್ತಿದ್ರಿ."

"ಹೌದು."

"ದಿನಾ ಕರಡಿಗಿ ಮ್ಯಾಲ ಕೈ ಇಟ್ಟು ಬೇಡಿಕೊಂಡೆ. ಒಳಗ ನಿಮ್ಮ ಕಟ್ಟಿಗಿ ಇತ್ತು."

"ಹೇಳಬೇಕು ಅಂತಾನೇ ಬರ್ತಿದ್ದೆ ಅಮ್ಮ. ನಿಮ್ಮ ಮುಖ ನೋಡಿ ಹೇಳೋಕಾಗ್ತಿರಲಿಲ್ಲ."

ಒಳಗಿನಿಂದ ದಾನಪ್ಪ ಏನೋ ಕೂಗಿದ. ರಾಚವ್ವ ತಿರುಗಲಿಲ್ಲ.

"ಅವರಿಗೆ ಗೊತ್ತಾಗಲಿಲ್ಲೇನ್ರೀ?"

"ಎಡಗೈಗೆ ಗೊತ್ತಾಗಲಿಲ್ಲ."

"ಬಲಗೈಗೆ?"

ವಿಮಲಾ ಆ ಪ್ರಶ್ನೆಯನ್ನು ತನಗೆ ತಾನೇ ಕೇಳಿಕೊಂಡಿರಲಿಲ್ಲ. ಅವಳ ಟಿಪ್ಪಣಿ ಪುಸ್ತಕದಲ್ಲಿ ಆ ದಿನ ಬಲಗೈಗೆ ಜಾಗವೇ ಇರಲಿಲ್ಲ.

"ನಿಂತಿತು," ಎಂದಳು. "ಒಂದು ಗಳಿಗೆ. ಆಮೇಲೆ ಎಳೆದರು. ಏನೂ ಹೇಳಲಿಲ್ಲ."

ರಾಚವ್ವ ಒಳಗಿದ್ದ ಗಂಡನ ಬಲಗೈಯತ್ತ ನೋಡಿದಳು.

"ತೊಗರಿಗೆ ಕಡ್ಲಿ ಅಂದ ದಿನದಿಂದ ಕೈ ಮ್ಯಾಲಿನ ಭರೋಸಾನ ಹೋಗಿತ್ತ ಅವರಿಗೆ," ಎಂದಳು. "ಬಲಗೈಯೂ ಕೆಟ್ಟಿತು ಅಂದ್ಕೊಂಡಿರಬೇಕು. ಅದಕ್ಕ ಬಾಯಿ ಬಿಡಲಿಲ್ಲ."

ಕರವಸ್ತ್ರದ ಸಮೇತ ಲಿಂಗವನ್ನು ಎತ್ತಿಕೊಂಡು ಒಳಗೆ ಹೋದಳು.

"ದವಾಖಾನ್ಯಾಗ ಉಳದಿತ್ತಂತ," ಎಂದು ಅಯ್ಯನವರಿಗೆ ಹೇಳಿದಳು. ದಾನಪ್ಪ ಬಾಯಿ ತೆರೆದ. ಅಕ್ಕನ ಕಣ್ಣು ನೋಡಿ ಮುಚ್ಚಿಕೊಂಡ. ಅಯ್ಯನವರು ಕಾಶಪ್ಪನ ಎಡ ಅಂಗೈ ಬಿಡಿಸಿ ಲಿಂಗವನ್ನಿಟ್ಟರು. ಸೆಟೆದ ಬೆರಳುಗಳನ್ನು ರಾಚವ್ವ ಒಂದೊಂದಾಗಿ ಮಡಿಸಿದಳು.

ಹನ್ನೆರಡಕ್ಕೆ ಎತ್ತಿದರು. ಕೂತ ಭಂಗಿಯಲ್ಲೇ ಕಾಶಪ್ಪ ಚಾಳಿನ ಕಿರಿದಾದ ಮೆಟ್ಟಿಲಿಳಿದು, ನಲ್ಲಿಯನ್ನು ದಾಟಿ, ಇನ್ನೂ ಕರಗದ ಮಂಜಿನೊಳಕ್ಕೆ ಹೋದ. ಗಂಡಸರ ಶಿವನಾಮ ದೂರವಾಯಿತು. ಹೆಂಗಸರು ನೆಲ ತೊಳೆಯಲು ನೀರು ತಂದರು.

ವಿಮಲಾ ಗ್ಯಾಲರಿಯ ಮೂಲೆಯಲ್ಲೇ ಇದ್ದಳು. ಅವಳಿಗೆ ಯಾರೂ ಹೋಗು ಅನ್ನಲಿಲ್ಲ, ಕೂರು ಅಂತಲೂ ಅನ್ನಲಿಲ್ಲ.

ರಾಚವ್ವ ಒದ್ದೆ ಕಾಲಲ್ಲಿ ಹೊರಗೆ ಬಂದಳು. ಕರವಸ್ತ್ರವನ್ನು ನಾಲ್ಕು ಮಡಿಕೆ ಮಡಿಸಿದ್ದಳು. ಅದನ್ನು ವಿಮಲಳ ಅಂಗೈಯಲ್ಲಿಟ್ಟು, ಅದರ ಮೇಲೆ ಕರಿಮರದ ಗುಂಡನ್ನಿಟ್ಟಳು.

"ಇದು ನಿಮ್ಮದು."

ವಿಭೂತಿಯನ್ನು ಅವಳು ಒರೆಸಿರಲಿಲ್ಲ. ಕಪ್ಪಿನ ಮೇಲೆ ಮೂರು ಬಿಳಿ ಗೆರೆಗಳು ಇದ್ದ ಹಾಗೇ ಇದ್ದವು. ನಡುವಿನಲ್ಲಿ ಮೂರೂ ಒಂದೇ ಕಡೆ ಕಡಿದು, ಮತ್ತೆ ಮುಂದುವರಿದಿದ್ದವು.