ಆರು ತೇಪೆಯ ಹಾಯಿ

ಐವತ್ನಾಲ್ಕು ತುಂಬಿದರೂ ಮನೆಯಲ್ಲಿ ಅವಳು ಪುಟ್ಟಿಯೇ. ಅಣ್ಣನ ಟಾರ್ಪಾಲ್ ಅಂಗಡಿಯಲ್ಲಿ ಮೂವತ್ತೊಂದು ವರ್ಷದಿಂದ ದೊಡ್ಡ ಹೊಲಿಗೆ ಮಿಷನ್ ತುಳಿಯುತ್ತಿದ್ದಳು. ಲಾರಿಗೆ ಹೊದಿಸುವ ಟಾರ್ಪಾಲನ್ನು ಒಬ್ಬಳೇ ಮಡಚಿ ಹೆಗಲಿಗೇರಿಸುತ್ತಿದ್ದಳು. ಗಿರಾಕಿಗಳೆಲ್ಲ ‘ಅಮ್ಮಾ’ ಎನ್ನುತ್ತಿದ್ದರು, ಅಣ್ಣ ಅತ್ತಿಗೆಯರ ಬಾಯಲ್ಲಿ ಮಾತ್ರ ಪುಟ್ಟಿ. ಮದುವೆ ಯಾಕಾಗಲಿಲ್ಲ ಎಂದು ಯಾರಾದರೂ ಕೇಳಿದರೆ ‘ಪುರುಸೊತ್ತಾಗಲಿಲ್ಲ’ ಎನ್ನುತ್ತಿದ್ದಳು. ಕೇಳಿದವರು ನಗುತ್ತಿದ್ದರು. ಅವಳು ತಮಾಷೆ ಮಾಡಿರುತ್ತಿರಲಿಲ್ಲ.

ಇಂಥ ಪುಟ್ಟಿ ಒಂದು ದಿನ ಮಧ್ಯಾಹ್ನ ಊಟದ ಹೊತ್ತಿಗೆ, ಏಳು ದಿನ ಕಡಲತೀರಕ್ಕೆ ಹೋಗಿ, ಹಾಯಿ ಕಟ್ಟಿದ ಹಲಗೆಯ ಮೇಲೆ ನಿಂತು ನೀರಲ್ಲಿ ಸಾಗುವ ವಿಂಡ್‌ಸರ್ಫಿಂಗ್ ಮಾಡಿ ಬರುತ್ತೇನೆ ಎಂದಳು. ಅಣ್ಣನಿಗೆ ತುತ್ತು ನೆತ್ತಿಗೇರಿತು.

ಇದಕ್ಕೆಲ್ಲ ಮೂಲ ಒಂದು ತಪ್ಪು. ಮಳೆಗಾಲ ಮುಗಿದ ಮೇಲೆ ದನಗಳ ಡಾಕ್ಟರಮ್ಮ ಒಬ್ಬರು ತಮ್ಮ ಅಂಥದೇ ಹಲಗೆಯ ಹರಿದ ಹಾಯಿಯೊಂದನ್ನು ಹೊಲಿಯಲು ಕೊಟ್ಟು ಹೋಗಿದ್ದರು. ಪುಟ್ಟಿ ಹರಿದಲ್ಲಿ ಎರಡು ಸಾಲು ಹೊಲಿಗೆ ಹಾಕಿದಳು, ಮೂಲೆಗಳನ್ನು ಗಟ್ಟಿ ಮಾಡಿದಳು, ಆಮೇಲೆ ಕೈಯ ಅಭ್ಯಾಸಬಲದಿಂದ ಕತ್ತರಿ ತೆಗೆದುಕೊಂಡು ಹಾಯಿಯ ನಡುವೆ ಆರು ಕಡೆ ಅರ್ಧಚಂದ್ರದಂತೆ ಕತ್ತರಿಸಿಬಿಟ್ಟಳು. ರಸ್ತೆಗೆ ಅಡ್ಡ ಕಟ್ಟುವ ಬ್ಯಾನರಿಗೆಲ್ಲ ಹಾಗೇ ಮಾಡುತ್ತಾರೆ. ಗಾಳಿ ಆ ತೂತುಗಳಲ್ಲಿ ದಾಟಿಹೋಗುತ್ತದೆ, ಬ್ಯಾನರ್ ಕಟ್ಟಿದಲ್ಲೇ ಇರುತ್ತದೆ. ಮೂವತ್ತೊಂದು ವರ್ಷದಲ್ಲಿ ಅಂಥ ತೂತು ಎಷ್ಟು ಸಾವಿರ ಹಾಕಿದ್ದಳೋ ಲೆಕ್ಕವಿಲ್ಲ.

ಡಾಕ್ಟರಮ್ಮ ಹಾಯಿ ಬಿಡಿಸಿ, ಒಂದು ತೂತಿನೊಳಗೆ ಬೆರಳು ತೂರಿಸಿ ನೋಡಿದರು. ಆಮೇಲೆ, “ಇದು ಗಾಳೀನ ಬಿಡೋದಕ್ಕಲ್ಲಮ್ಮ, ಹಿಡಿಯೋದಕ್ಕೆ,” ಎಂದರು.

ಪುಟ್ಟಿಗೆ ನಾಚಿಕೆಯಿಂದ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಕೂತಲ್ಲೇ ಆರು ತೂತಿಗೂ ತೇಪೆ ಹಾಕಿದಳು. ಡಾಕ್ಟರಮ್ಮ ದೊಡ್ಡ ಮನಸ್ಸಿನವರು. ಹೊಸ ಹಾಯಿ ಕೊಳ್ಳುವ ನೆಪ ಸಿಕ್ಕಿತು ಎಂದು ನಕ್ಕರು. “ಕಲಿಯೋರಿಗೆ ಇದು ಬೇಕಾದಷ್ಟಾಯ್ತು. ನೀವೇ ಇಟ್ಕೊಳ್ಳಿ. ಒಂದು ಮಾತು, ಇದನ್ನ ಟಾರ್ಪಾಲಿನ ಥರ ಮಡಚಬೇಡಿ. ಮಡಚಿದ್ರೆ ಗೆರೆ ಬಿದ್ದು ಅಲ್ಲೇ ಹರಿಯುತ್ತೆ. ಸುತ್ತಿಡಿ.” ಜೊತೆಗೆ ಭಾನುವಾರ ಕೆರೆಗೆ ಬನ್ನಿ ಎಂದೂ ಕರೆದರು.

ಕೆರೆಯಲ್ಲಿ ಮೊದಲ ಭಾನುವಾರ ಇಪ್ಪತ್ತೇಳು ಸಲ ಬಿದ್ದಳು. ಈಜು ಚಿಕ್ಕಂದಿನಿಂದಲೇ ಬರುತ್ತಿತ್ತು, ಮೇಲೆ ತೇಲುವ ಜಾಕೆಟ್ಟು ಬೇರೆ, ಹಾಗಾಗಿ ಹೋದದ್ದು ಮಾನವೊಂದೇ. ದಡದಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸರು ಕೆಲಸ ಬಿಟ್ಟು ನೋಡಿದರು. ನಾಲ್ಕನೇ ಭಾನುವಾರ ಹಲಗೆಯ ಮೇಲೆ ನಿಂತು ಹಾಯಿ ಎತ್ತಿದಳು, ಗಾಳಿ ಬಂದು ತುಂಬಿಕೊಂಡಿತು, ಹಲಗೆ ಹೊರಟಿತು. ಹನ್ನೊಂದು ಸೆಕೆಂಡು. ಮೂವತ್ತೊಂದು ವರ್ಷ ಅವಳು ಪಕ್ಕಕ್ಕೆ ದಾಟಿಸಿದ ಗಾಳಿ ಮೊದಲ ಸಲ ಅವಳ ತೋಳನ್ನು ಹಿಡಿದು ಎಳೆದಿತ್ತು. ಮತ್ತೆ ಬಿದ್ದಳು, ಆದರೆ ಆ ಸೆಳೆತ ವಾರವಿಡೀ ತೋಳಲ್ಲೇ ಉಳಿಯಿತು.

ಆಮೇಲೆ ಯೋಜನೆ. ಅಳತೆ ಬರೆಯುವ ಕಂದು ಕಾಗದದ ಮೇಲೆ ಡಾಕ್ಟರಮ್ಮನ ಎದುರಿಗೇ ಕೂತು ಬರೆದಳು. ಮೊದಲ ಮೂರು ದಿನ ಮರಳದಿಬ್ಬದ ಹಿಂದಿನ ಕೊಲ್ಲಿ. ಅಲ್ಲಿ ನೀರು ಸೊಂಟದವರೆಗೆ ಮಾತ್ರ, ಹಲಗೆ ಬಾಡಿಗೆಗೆ ಸಿಗುತ್ತದೆ, ಕಲಿಸುವವರಿದ್ದಾರೆ. ಆಮೇಲೆ ಮೂರು ದಿನ ಸಣ್ಣ ಅಲೆಯ ತೀರ, ಬೆಳಗಿನ ಹೊತ್ತು ಮಾತ್ರ. ನೆಲದಿಂದ ಕಡಲಿನ ಕಡೆಗೆ ಬೀಸುವ ಗಾಳಿ ಇದ್ದರೆ ನೀರಿಗಿಳಿಯಬಾರದು, ಎಳೆದುಕೊಂಡು ಹೋಗುತ್ತದೆ. ಏಳನೇ ದಿನ ಬಂಡೆಗಳ ಪಕ್ಕದ ದೊಡ್ಡ ಅಲೆಯ ಜಾಗ.

“ಅಲ್ಲಿ ನೀವು ಪಾದಾನೂ ಒದ್ದೆ ಮಾಡ್ಕೋಬಾರದು. ದಡದಲ್ಲಿ ಕೂತು, ಗೊತ್ತಿರೋರು ಹೇಗೆ ಆಡ್ತಾರೆ ಅಂತ ನೋಡ್ಬೇಕು ಅಷ್ಟೇ,” ಎಂದರು ಡಾಕ್ಟರಮ್ಮ.

ಪುಟ್ಟಿ ‘ಏಳನೇ ದಿನ: ನೋಡುವುದು’ ಎಂದು ಬರೆದು, ಕಾಗದವನ್ನು ಮಿಷನ್ ಪಕ್ಕದ ಗೋಡೆಗೆ ಅಂಟಿಸಿದಳು.

ಅಣ್ಣ ಕೂಗಾಡುವ ಮನುಷ್ಯನಲ್ಲ. ತುತ್ತು ಇಳಿದ ಮೇಲೆ, “ಹೋಗು, ಯಾರು ಬೇಡ ಅಂದ್ರು?” ಎಂದ. ಮರುದಿನ ಕಾಗದದ ಮುಂದೆ ನಿಂತು, “ಏಳನೇ ದಿನ ಬರೀ ನೋಡೋದು ತಾನೇ? ಫೋನಲ್ಲೇ ನೋಡಬಹುದಲ್ಲ,” ಎಂದು ಆ ಸಾಲಿನ ಪಕ್ಕ ಪೆನ್ಸಿಲಿನಲ್ಲಿ ಒಂದು ಬಾಗಿದ ಗೆರೆ ಎಳೆದ. ಎರಡು ದಿನ ಬಿಟ್ಟು ಅತ್ತಿಗೆಯ ಮಂಡಿನೋವಿನ ನೆನಪಾಯಿತು. ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಾದದ್ದು ಸರಿಯಾಗಿ ಪುಟ್ಟಿಯ ಯೋಜನೆಯ ಎರಡನೇ ದಿನ. ಅಲ್ಲಿಗೆ ಮೊದಲ ಎರಡು ದಿನಕ್ಕೂ ಗೆರೆ ಬಿತ್ತು. ವಾರದ ಕೊನೆಗೆ ಮಾರುಕಟ್ಟೆಯಿಂದ ನಲವತ್ತು ಅಂಗಡಿಗಳ ಬಿಸಿಲುಮರೆ ಹೊಲಿಯುವ ಕೆಲಸ ಬಂತು. ಇನ್ನೂ ಮೂರು ದಿನ ಹೋದವು.

“ಒಂದು ದಿನ ಆರಾಮಾಗಿ ಹೋಗಿ ಬಾ ಪುಟ್ಟಿ. ಬೆಳಿಗ್ಗೆ ಬಸ್ಸು ಹತ್ತಿದ್ರೆ ಸಂಜೆ ಮನೆಗೆ ಬರಬಹುದು,” ಎಂದ. ಅವನ ದನಿಯಲ್ಲಿ ಪ್ರೀತಿಯಿತ್ತು. ಪುಟ್ಟಿಗೆ ಸಿಟ್ಟು ಬಂದದ್ದು ಅದಕ್ಕೇ.

ಹಿಂದೆಯೂ ಮೂರು ಸಲ ಹೀಗೇ ಆಗಿತ್ತು. ಕಾರು ಕಲಿಯುತ್ತೇನೆಂದಾಗ, ಗೆಳತಿಯರ ಜೊತೆ ಬೆಟ್ಟಕ್ಕೆ ಹೊರಟಾಗ, ಬೇರೆ ಊರಲ್ಲಿ ಒಂದು ಕೆಲಸ ಸಿಕ್ಕಾಗ. ಒಂದು ಸಲವೂ ಯಾರೂ ಬೇಡ ಎಂದಿರಲಿಲ್ಲ. ಚೂರು ಚೂರೇ ಕತ್ತರಿಸಿದ್ದರು, ಅಷ್ಟೇ. ಉಳಿದದ್ದು ಹೋಗುವಷ್ಟು ದೊಡ್ಡದಿರಲಿಲ್ಲ.

ಪುಟ್ಟಿ ಮಿಷನ್ ನಿಲ್ಲಿಸಿ ಕಾಗದ ನೋಡಿದಳು. ಆರು ದಿನ, ಆರು ಬಾಗಿದ ಗೆರೆ. ಈ ಆಕಾರ ಅವಳಿಗೆ ಕಣ್ಣು ಮುಚ್ಚಿದರೂ ಗೊತ್ತು.

“ಅಣ್ಣ, ಬ್ಯಾನರಿಗೆ ಯಾಕೆ ತೂತು ಹಾಕ್ತೀವಿ?”

“ಇದೆಂಥಾ ಪ್ರಶ್ನೆ. ಗಾಳಿಗೆ ಹಾರ್ಕೊಂಡು ಹೋಗ್ದೇ ಇರ್ಲಿ ಅಂತ.”

“ಅದನ್ನೇ ಅಲ್ವಾ ನೀನು ಮಾಡಿರೋದು,” ಎಂದು ಪುಟ್ಟಿ ಕಾಗದ ಕಿತ್ತಳು. ಹೊಸ ಕಾಗದ ಎಳೆದು, ಅಳಿಸಲಾಗದ ಮಾರ್ಕರ್ ಪೆನ್ನಿನಲ್ಲಿ ಏಳೂ ದಿನಗಳನ್ನು ಮತ್ತೆ ಬರೆದಳು.

ಅಣ್ಣನ ಮುಖ ಸಪ್ಪಗಾಯಿತು. “ಬಿದ್ದು ಕೈಕಾಲು ಮುರ್ಕೊಂಡ್ರೆ?”

“ಮುರ್ಕೋತೀನಿ. ನನ್ನವೇ ತಾನೇ.”

“ನಲವತ್ತು ಬಿಸಿಲುಮರೆ ಯಾರು ಹೊಲೀತಾರೆ?”

“ಬಂದ ಮೇಲೆ ನಾನು ಹೊಲೀತೀನಿ. ಕಾಯೋಕಾಗಲ್ಲ ಅಂದ್ರೆ ಬೇರೆಯವರಿಗೆ ಕೊಡು.”

“ನಾನೇನು ನಿನ್ನ ಕಟ್ಟಿಹಾಕಿದೀನಾ ಪುಟ್ಟಿ?” ನಿಜವಾಗಿಯೂ ನೊಂದೇ ಕೇಳಿದ್ದ.

“ಇಲ್ಲ. ಕಟ್ಟಿಹಾಕಿದ್ರೆ ಯಾವತ್ತೋ ಕಿತ್ಕೊಂಡು ಹೋಗಿರ್ತಿದ್ದೆ.”

ಬಾಗಿಲಲ್ಲಿ ನಿಂತಿದ್ದ ಅತ್ತಿಗೆ ಅಷ್ಟೂ ಕೇಳಿಸಿಕೊಂಡಿದ್ದರು. “ಆಸ್ಪತ್ರೆಗೆ ನಿಮ್ಮಣ್ಣನೇ ಬರ್ಲಿ ಬಿಡು. ಹನ್ನೆರಡು ವರ್ಷದ ಮಂಡಿನೋವು, ಅವರಿಗೂ ಸ್ವಲ್ಪ ಪರಿಚಯ ಆಗ್ಲಿ,” ಎಂದು ಒಳಗೆ ಹೋದರು.

ಹೊರಡುವ ದಿನ ಬೆಳಿಗ್ಗೆ ಅಣ್ಣ ಅಂಗಡಿಯಲ್ಲಿ ಬೆನ್ನು ಹಾಕಿ ಕೂತಿದ್ದ. ಪುಟ್ಟಿ ತನ್ನ ಕತ್ತರಿಯನ್ನು ಅವನ ಎದುರಿಗಿಟ್ಟಳು. ಅದನ್ನು ಅವಳು ಇಷ್ಟು ವರ್ಷ ಯಾರಿಗೂ ಮುಟ್ಟಲು ಬಿಟ್ಟಿರಲಿಲ್ಲ.

“ಬ್ಯಾನರಿಗೆ ಎಷ್ಟು ಬೇಕೋ ಅಷ್ಟು ತೂತು ಹಾಕು. ಎಂಟನೇ ದಿನ ಬರ್ತೀನಿ.”

ಅವನು ತಿರುಗಲಿಲ್ಲ. ಪುಟ್ಟಿ ಚೀಲ ಹೆಗಲಿಗೇರಿಸಿ, ಸುತ್ತಿದ ಹಾಯಿಯನ್ನು ಎತ್ತಿಕೊಂಡು ನಡೆದಳು.

ಬಸ್ಸಿನಲ್ಲಿ ಕಂಡಕ್ಟರ್ ಅಡ್ಡ ನಿಂತ. ಅವಳಿಗಿಂತ ಒಂದು ಗೇಣು ಎತ್ತರದ ಸುರುಳಿಯನ್ನು ಮೇಲಿಂದ ಕೆಳಗೆ ನೋಡಿ, “ಇದೇನಮ್ಮಾ, ಟಾರ್ಪಾಲಾ? ಮಡಚಿ ಸೀಟಿನ ಕೆಳಗೆ ತಳ್ಳಿ,” ಎಂದ.

ಹಿಂದೆ ಹತ್ತುವವರು ನೂಕುತ್ತಿದ್ದರು. ಜೀವಮಾನವಿಡೀ ಮಡಚಿದವಳು ಮೆಟ್ಟಿಲ ಮೇಲೆ ಕಾಲೂರಿ ನಿಂತಳು.

“ಹಾಯಿ ಇದು, ನಂದು. ಮಡಚಬಾರದು,” ಎಂದಳು. “ಜಾಗ ಮಾಡಿಕೊಡಿ.”